ಕರೆಂಟ್ ಬಿಲ್ ಓದುವುದು ಹೇಗೆ? ತುಮಕೂರಿನ ಮನೆಗಳಿಗೊಂದು ಮಾರ್ಗದರ್ಶಿ

"ಪಕ್ಕದ ಮನೆಗೆ ಸೊನ್ನೆ ಬಿಲ್, ನಮಗ್ಯಾಕೆ ಸಾವಿರದ ಇನ್ನೂರು?" "ಯೂನಿಟ್‌ಗೆ ಐದು ಎಂಬತ್ತು ಅಂತಾರೆ, ಗುಣಿಸಿ ನೋಡಿದ್ರೆ ಲೆಕ್ಕ ಕೂಡಿ ಬರಲ್ಲ." "ಊರಿಗೆ ಹೋಗಿದ್ವಿ, ಮನೆ ಬೀಗ ಹಾಕಿತ್ತು, ಆದ್ರೂ ಬಿಲ್ ಬಂದಿದೆ."

ಓದುಗರು ಕೇಳುವುದು ಹೆಚ್ಚುಕಡಿಮೆ ಈ ಮೂರನ್ನೇ. ಬಿಡಿಬಿಡಿಯಾಗಿ ಉತ್ತರ ಹೇಳುವ ಬದಲು ಒಮ್ಮೆ ಬಿಲ್ಲನ್ನು ಕೈಯಲ್ಲಿ ಹಿಡಿದು ಮೇಲಿನಿಂದ ಕೆಳಗೆ ಓದಿಬಿಡೋಣ.

ತುಮಕೂರು ನಗರದ ಮನೆ ಸಂಪರ್ಕವನ್ನು ಮನಸ್ಸಿನಲ್ಲಿಟ್ಟು ಇದನ್ನು ಬರೆದಿದ್ದೇನೆ. ಕೋಲಾರ, ಚಿಕ್ಕಬಳ್ಳಾಪುರದವರಿಗೂ ಇದೇ ಲೆಕ್ಕ. ಈ ಮೂರೂ ಜಿಲ್ಲೆ, ಬೆಂಗಳೂರೂ ಸೇರಿ ಒಟ್ಟು 8 ಜಿಲ್ಲೆಗಳಿಗೆ ಕರೆಂಟ್ ಕೊಡುವುದು ಬೆಸ್ಕಾಂ. 2002ರಲ್ಲಿ ಶುರುವಾದ ಕಂಪನಿ. ನಮ್ಮಲ್ಲಿ ಹಿರಿಯರು ಈಗಲೂ ಕೆಇಬಿ ಅಂತಲೇ ಕರೆಯುತ್ತಾರೆ. ಆದರೆ ದರ ನಿಗದಿ ಮಾಡುವುದು ಬೆಸ್ಕಾಂ ಅಲ್ಲ. ಅದು ಕೆಇಆರ್‌ಸಿ, ಅಂದರೆ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗದ ಕೆಲಸ. ದರ ಜಾಸ್ತಿಯಾಯಿತು ಅಂತ ಮೀಟರ್ ರೀಡರ್ ಜೊತೆ ಜಗಳ ಆಡಿ ಪ್ರಯೋಜನ ಇಲ್ಲ.

ಇನ್ನೊಂದು ಪ್ರಶ್ನೆಯನ್ನೂ ಇಲ್ಲೇ ಮುಗಿಸಿಬಿಡುತ್ತೇನೆ. ನಮ್ಮ ಜಿಲ್ಲೆಯ ಪಾವಗಡದಲ್ಲೇ 2,050 ಮೆಗಾವ್ಯಾಟ್‌ನ ಸೋಲಾರ್ ಪಾರ್ಕ್ ಇರುವಾಗ ನಮಗೆ ಕರೆಂಟ್ ಅಗ್ಗ ಆಗಬೇಕಲ್ವಾ? ಆಗಲ್ಲ. ಅಲ್ಲಿ ತಯಾರಾದ ಕರೆಂಟ್ ಗ್ರಿಡ್‌ಗೆ ಹೋಗುತ್ತದೆ. ಅಲ್ಲಿಂದ ಬರುವಾಗ ಪಾವಗಡಕ್ಕೂ ಒಂದೇ ದರ, ಬೆಂಗಳೂರಿಗೂ ಒಂದೇ ದರ.

ಮೊದಲು ಇಷ್ಟು ತೆಗೆದಿಟ್ಟುಕೊಳ್ಳಿ: ಈ ತಿಂಗಳ ಬಿಲ್, ಸಾಧ್ಯವಾದರೆ ಹಿಂದಿನ ಎರಡು ಮೂರು ತಿಂಗಳದ್ದೂ. ಸ್ಪಾಟ್ ಬಿಲ್ಲಿನ ಅಕ್ಷರ ಬೇಗ ಮಾಸಿಹೋಗುತ್ತದೆ. ಬಂದ ದಿನವೇ ಮೊಬೈಲ್‌ನಲ್ಲಿ ಒಂದು ಫೋಟೋ ತೆಗೆದಿಡುವುದು ಒಳ್ಳೆಯದು. ಮೀಟರ್ ಹತ್ತಿರ ಹೋಗಲು ದಾರಿ ಇರಲಿ. ಮೊಬೈಲ್ ಕ್ಯಾಲ್ಕುಲೇಟರ್ ಸಾಕು.

1. ಬಿಲ್ಲಿನ ತಲೆಭಾಗ ನೋಡಿ

ಇಲ್ಲಿ ಆರ್.ಆರ್. ಸಂಖ್ಯೆ ಮತ್ತು ಖಾತೆ ಸಂಖ್ಯೆ ಇರುತ್ತವೆ. ಆರ್.ಆರ್. ಸಂಖ್ಯೆ ನಿಮ್ಮ ಸಂಪರ್ಕದ ಗುರುತು. ಆನ್‌ಲೈನ್‌ನಲ್ಲಿ ಕಟ್ಟಲು, ಸರ್ಕಾರದ ಉಚಿತ ಕರೆಂಟ್ ಯೋಜನೆಯಾದ ಗೃಹಜ್ಯೋತಿಗೆ ಅರ್ಜಿ ಹಾಕಲು ಬೇಕಾಗುವುದು ಖಾತೆ ಸಂಖ್ಯೆ. ಎರಡನ್ನೂ ಒಂದು ಕಡೆ ಬರೆದಿಟ್ಟುಕೊಳ್ಳಿ.

ಬಾಡಿಗೆ ಮನೆಯಲ್ಲಿದ್ದರೆ ಬಿಲ್ಲಿನಲ್ಲಿ ಮಾಲೀಕರ ಹೆಸರು ಇರುತ್ತದೆ. ಅದರಿಂದ ತೊಂದರೆ ಇಲ್ಲ. ಆದರೆ ಬಿಲ್ಲಿನಲ್ಲಿರುವ ಮೀಟರ್ ಸಂಖ್ಯೆಯೂ ನಿಮ್ಮ ಮನೆಯ ಮೀಟರ್ ಮೇಲಿನ ಸಂಖ್ಯೆಯೂ ಒಂದೇ ಇದೆಯಾ ಅಂತ ಒಮ್ಮೆ ನೋಡಿ. ಮೂರ್ನಾಲ್ಕು ಮನೆಗಳ ಕಟ್ಟಡದಲ್ಲಿ ಮೀಟರ್‌ಗಳೆಲ್ಲ ಮೆಟ್ಟಿಲ ಕೆಳಗೆ ಸಾಲಾಗಿ ಕೂತಿರುತ್ತವೆ. ಮೇಲಿನ ಮನೆಯ ಬಿಲ್ ಕೆಳಗಿನವರು ಕಟ್ಟುತ್ತಿರುವುದು ಅಪರೂಪವೇನಲ್ಲ. ಪರೀಕ್ಷೆ ಸುಲಭ. ನಿಮ್ಮ ಮನೆಯ ಮೇನ್ ಸ್ವಿಚ್ ಆಫ್ ಮಾಡಿ. ಯಾವ ಮೀಟರ್‌ನಲ್ಲಿ ಮಿಣುಕುವ ಕೆಂಪು ದೀಪ ನಿಲ್ಲುತ್ತದೋ ಅದು ನಿಮ್ಮದು.

ಜಕಾತಿ ಅಥವಾ ಟ್ಯಾರಿಫ್ ಎಂಬ ಜಾಗದಲ್ಲಿ ಎಲ್‌ಟಿ-1 ಎಂದಿರಬೇಕು. ಅದು ಮನೆ ಬಳಕೆಯ ದರ. ಎಲ್‌ಟಿ-3 ಎಂದಿದ್ದರೆ ಅದು ಅಂಗಡಿ ಮುಂತಾದ ವಾಣಿಜ್ಯ ದರ. ಮೊದಲು ಅಂಗಡಿ ಇದ್ದ ಜಾಗವನ್ನು ಮನೆ ಮಾಡಿಕೊಂಡವರು ಇದನ್ನು ಬದಲಾಯಿಸುವುದನ್ನೇ ಮರೆತಿರುತ್ತಾರೆ. ಇದರ ತಿರುಗುಮುರುಗು ಇನ್ನೂ ಅಪಾಯ. ಮನೆ ಮೀಟರ್‌ನಿಂದ ಮುಂದಿನ ಟೀ ಅಂಗಡಿಗೆ ವೈರ್ ಎಳೆದರೆ ಅದು ಅನಧಿಕೃತ ಬಳಕೆ. 2003ರ ವಿದ್ಯುತ್ ಕಾಯ್ದೆಯ 126ನೇ ಸೆಕ್ಷನ್ ಪ್ರಕಾರ ಅಂಗಡಿ ದರದ ಎರಡರಷ್ಟು, ಅದೂ ಹಿಂದಿನ ತಿಂಗಳುಗಳಿಗೂ ಸೇರಿಸಿ ಹಾಕಬಹುದು.

2. ರೀಡಿಂಗ್ ಸರಿ ಇದೆಯಾ?

ಇಂದಿನ ಮಾಪನದಿಂದ ಹಿಂದಿನ ಮಾಪನ ಕಳೆದರೆ ಬಳಸಿದ ಯೂನಿಟ್ ಸಿಗುತ್ತದೆ. ಒಂದು ಯೂನಿಟ್ ಅಂದರೆ 1,000 ವ್ಯಾಟ್ ಉಪಕರಣ ಒಂದು ಗಂಟೆ ಓಡಿದ ಲೆಕ್ಕ.

ಈಗ ಮೀಟರ್ ಮುಂದೆ ನಿಂತು ನೋಡಿ. ಡಿಜಿಟಲ್ ಮೀಟರ್‌ನಲ್ಲಿ ದಿನಾಂಕ, ಸಮಯ, ವೋಲ್ಟೇಜ್ ಹೀಗೆ ಒಂದಾದ ಮೇಲೊಂದು ಬರುತ್ತಿರುತ್ತದೆ. ಪಕ್ಕದಲ್ಲಿ ಕೆಡಬ್ಲ್ಯೂಎಚ್ (kWh), ಅಂದರೆ ಯೂನಿಟ್, ಎಂದು ತೋರಿಸುವ ಅಂಕಿ ಬರುವವರೆಗೆ ಕಾಯಿರಿ. ಅದು ಬಿಲ್ಲಿನ ಇಂದಿನ ಮಾಪನಕ್ಕಿಂತ ಸ್ವಲ್ಪ ಜಾಸ್ತಿ ಇರಬೇಕು. ಕಡಿಮೆ ಇದ್ದರೆ ರೀಡಿಂಗ್ ತಪ್ಪಾಗಿದೆ. ತಕ್ಷಣ ಫೋಟೋ ತೆಗೆಯಿರಿ.

ಬಿಲ್ಲಿನಲ್ಲಿ ಡಿಎಲ್ ಎಂದಿದ್ದರೆ ಡೋರ್ ಲಾಕ್. ಮೀಟರ್ ರೀಡರ್ ಬಂದಾಗ ಗೇಟ್ ಬೀಗ ಹಾಕಿತ್ತು, ಆದ್ದರಿಂದ ಸರಾಸರಿ ಹಾಕಿದ್ದಾರೆ ಎಂದರ್ಥ. ಎಂಎನ್‌ಆರ್ ಎಂದಿದ್ದರೆ ಮೀಟರ್ ದಾಖಲಿಸುತ್ತಿಲ್ಲ ಎಂದರ್ಥ. ಡೋರ್ ಲಾಕ್ ಬಿಲ್ ಮುಂದಿನ ರೀಡಿಂಗ್‌ನಲ್ಲಿ ಸರಿಹೋಗುತ್ತದೆ. ಎಂಎನ್‌ಆರ್ ಹಾಗಲ್ಲ, ಮೀಟರ್ ಬದಲಾಯಿಸುವವರೆಗೆ ಸರಾಸರಿಯೇ ಮುಂದುವರಿಯುತ್ತದೆ. ಸುಮ್ನೆ ಕೂರಬೇಡಿ, ಲಿಖಿತ ಅರ್ಜಿ ಕೊಡಿ.

ರೀಡಿಂಗ್ ದಿನಾಂಕಗಳನ್ನೂ ನೋಡಿ. ಒಂದು ತಿಂಗಳು 28 ದಿನಕ್ಕೆ ಬಂದು, ಮುಂದಿನದು 34 ದಿನಕ್ಕೆ ಬಂದರೆ ಯೂನಿಟ್ ಜಾಸ್ತಿಯಾದಂತೆ ಕಾಣುತ್ತದೆ. ಒಟ್ಟು ಯೂನಿಟ್ ಹೋಲಿಸುವ ಬದಲು ಯೂನಿಟ್ಟನ್ನು ದಿನಗಳಿಂದ ಭಾಗಿಸಿ, ದಿನಕ್ಕೆ ಎಷ್ಟು ಅಂತ ನೋಡಿ. "ಈ ಸಲ ಬಿಲ್ ಹಾರಿದೆ" ಎನ್ನುವ ಎಷ್ಟೋ ದೂರು ಇಲ್ಲೇ ಕರಗಿಹೋಗುತ್ತದೆ.

3. ದರ ಗುಣಿಸಿ ನೋಡಿ

ಹಳೆಯ ಹಂತಗಳ ಲೆಕ್ಕ, ಅಂದರೆ ಸ್ಲ್ಯಾಬ್, ಮರೆತುಬಿಡಿ. ಮೊದಲು ಮೊದಲ 50 ಯೂನಿಟ್‌ಗೆ ಒಂದು ದರ, ಆಮೇಲೆ ಇನ್ನೊಂದು, ಹೀಗೆ ಏರುತ್ತಿತ್ತು. 2023ರಲ್ಲಿ ಅದು ಎರಡೇ ಆಯಿತು. 100 ಯೂನಿಟ್ ಒಳಗಿದ್ದರೆ 4.75 ರೂಪಾಯಿ, ದಾಟಿದರೆ ಎಲ್ಲ ಯೂನಿಟ್‌ಗೂ 7 ರೂಪಾಯಿ. 2024ರ ಏಪ್ರಿಲ್‌ನಿಂದ ಎಲ್ಲರಿಗೂ ಒಂದೇ ದರ, 5.90. 2025ರ ಏಪ್ರಿಲ್‌ನಿಂದ 5.80. ಈಗಲೂ ಕೆಲವರು "ನೂರು ದಾಟಬಾರದು" ಅಂತ ಮಕ್ಕಳಿಗೆ ಫ್ಯಾನ್ ಆಫ್ ಮಾಡಿಸುತ್ತಾರೆ. ಆ ನೂರಕ್ಕೆ ಈಗ ಅರ್ಥ ಇಲ್ಲ.

2025-26ರ ದರದಲ್ಲಿ ಒಂದು ಉದಾಹರಣೆ ನೋಡೋಣ. ಮಂಜೂರಾದ ಲೋಡ್ (ಇದೇನೆಂದು 4ರಲ್ಲಿ ಹೇಳುತ್ತೇನೆ) 2 ಕಿಲೋವ್ಯಾಟ್, ಬಳಕೆ 150 ಯೂನಿಟ್, ಗೃಹಜ್ಯೋತಿ ಇಲ್ಲ.

ನಿಗದಿತ ಶುಲ್ಕ: ಕಿಲೋವ್ಯಾಟ್‌ಗೆ 145ರಂತೆ 290 ರೂ.
ವಿದ್ಯುತ್ ಶುಲ್ಕ: 150 × 5.80 = 870 ರೂ.
ಪಿ ಅಂಡ್ ಜಿ ಸರ್ಚಾರ್ಜ್: 150 × 36 ಪೈಸೆ = 54 ರೂ.
ತೆರಿಗೆ: ವಿದ್ಯುತ್ ಶುಲ್ಕದ ಮೇಲೆ ಶೇ. 9, ಅಂದರೆ 78.30 ರೂ.
ಒಟ್ಟು: 1,292.30 ರೂ.

ಇದನ್ನು 150ರಿಂದ ಭಾಗಿಸಿ. ಯೂನಿಟ್‌ಗೆ ಸುಮಾರು 8.60 ಬಿತ್ತು. "5.80 ಅಂತಾರೆ, ಲೆಕ್ಕ ಕೂಡಿ ಬರಲ್ಲ" ಎನ್ನುವವರ ಪ್ರಶ್ನೆಗೆ ಉತ್ತರ ಇದೇ. ಇದೇ ಮನೆಯವರು ಬರೀ 60 ಯೂನಿಟ್ ಸುಟ್ಟಿದ್ದರೆ ಬಿಲ್ ಸುಮಾರು 691 ರೂಪಾಯಿ, ಯೂನಿಟ್‌ಗೆ 11.50! ಕಡಿಮೆ ಬಳಸುವವರಿಗೇ ಯೂನಿಟ್ ದುಬಾರಿ. ನನಗಂತೂ ಇದು ನ್ಯಾಯ ಅನ್ನಿಸುವುದಿಲ್ಲ, ಆದರೆ ಈಗಿನ ಪದ್ಧತಿ ಹೀಗಿದೆ.

ಸಾಲುಗಳ ಅರ್ಥ ಚುಟುಕಾಗಿ ಹೇಳುತ್ತೇನೆ. ನಿಗದಿತ ಶುಲ್ಕ ಅಂದರೆ ನೀವು ಬಳಸಲಿ ಬಿಡಲಿ, ಕಂಬ, ತಂತಿ, ಟ್ರಾನ್ಸ್‌ಫಾರ್ಮರ್ ನಿಮಗಾಗಿ ಸಿದ್ಧ ಇಟ್ಟಿರುವುದಕ್ಕೆ ಕೊಡುವುದು. ಬೀಗ ಹಾಕಿದ ಮನೆಗೂ ಬಿಲ್ ಬರುವುದು ಇದರಿಂದಲೇ. ಪಿ ಅಂಡ್ ಜಿ ಅಂದರೆ ಪಿಂಚಣಿ ಮತ್ತು ಗ್ರಾಚ್ಯುಟಿ. ವಿದ್ಯುತ್ ಕಂಪನಿಗಳ ನೌಕರರ ನಿವೃತ್ತಿ ಸೌಲಭ್ಯಕ್ಕಾಗಿ 2025ರ ಏಪ್ರಿಲ್‌ನಿಂದ ಗ್ರಾಹಕರ ಬಿಲ್ಲಿಗೆ ಸೇರಿದ ಹೊಸ ಸಾಲು ಇದು. ಎಫ್‌ಪಿಪಿಸಿಎ ಅಂದರೆ ಇಂಧನ ಮತ್ತು ವಿದ್ಯುತ್ ಖರೀದಿ ವೆಚ್ಚದ ಹೊಂದಾಣಿಕೆ. ಕಲ್ಲಿದ್ದಲಿನ ಬೆಲೆ, ಹೊರಗಿನಿಂದ ಕೊಂಡ ಕರೆಂಟಿನ ಬೆಲೆ ಅಂದಾಜಿಗಿಂತ ಏರಿದರೆ ಸೇರುತ್ತದೆ, ಇಳಿದರೆ ಕಳೆಯುತ್ತದೆ. ತಿಂಗಳಿಂದ ತಿಂಗಳಿಗೆ ಬದಲಾಗುವುದರಿಂದ ಮೇಲಿನ ಲೆಕ್ಕದಲ್ಲಿ ಬಿಟ್ಟಿದ್ದೇನೆ. ನಿಮ್ಮ ಮೊತ್ತಕ್ಕೂ ಬಿಲ್ಲಿಗೂ ಚೂರು ವ್ಯತ್ಯಾಸ ಬಂದರೆ ಮೊದಲು ಈ ಸಾಲು ನೋಡಿ.

ಎಚ್ಚರಿಕೆ: ಆಯೋಗ 2025ರ ಮಾರ್ಚ್‌ನಲ್ಲಿ ಮೂರು ವರ್ಷದ ದರವನ್ನು ಒಟ್ಟಿಗೆ ಹೇಳಿದೆ. ಏಪ್ರಿಲ್ ಬಂತೆಂದರೆ ನಿಗದಿತ ಶುಲ್ಕ ಬದಲಾಗುತ್ತದೆ. ಆದ್ದರಿಂದ ಲೆಕ್ಕ ಹಾಕುವಾಗ ನಿಮ್ಮ ಬಿಲ್ಲಿನಲ್ಲೇ ಮುದ್ರಿಸಿರುವ ದರ ತೆಗೆದುಕೊಳ್ಳಿ. ವಿಧಾನ ಇದೇ.

4. ಮಂಜೂರಾದ ಲೋಡ್: ಯಾರೂ ನೋಡದ ಸಾಲು

ನನ್ನನ್ನು ಕೇಳಿದರೆ ಇಡೀ ಬಿಲ್ಲಿನಲ್ಲಿ ಹೆಚ್ಚು ದುಡ್ಡು ಉಳಿಸಬಲ್ಲ ಸಾಲು ಇದು. ಸ್ವಿಚ್ ಆಫ್ ಮಾಡುವುದರಿಂದ ಉಳಿಯುವುದಕ್ಕಿಂತ ಎಷ್ಟೋ ಸಲ ಇಲ್ಲಿ ಉಳಿಯುವುದೇ ಜಾಸ್ತಿ.

ಮಂಜೂರಾದ ಲೋಡ್ ಅಂದರೆ ಒಂದೇ ಹೊತ್ತಿಗೆ ನೀವು ಎಷ್ಟು ಕಿಲೋವ್ಯಾಟ್ ಎಳೆಯಬಹುದು ಎಂದು ಸಂಪರ್ಕ ಪಡೆಯುವಾಗ ಬರೆಸಿದ್ದು. ಮನೆ ಕಟ್ಟುವಾಗ ಎಲೆಕ್ಟ್ರಿಕಲ್ ಕಾಂಟ್ರ್ಯಾಕ್ಟರ್ "ಮುಂದೆ ಎಸಿ ಹಾಕಿಸಿದ್ರೆ ಬೇಕಾಗುತ್ತೆ ಸಾರ್" ಅಂತ 4 ಅಥವಾ 5 ಕಿಲೋವ್ಯಾಟ್ ಬರೆಸಿರುತ್ತಾರೆ. ಆಗ ನಿಗದಿತ ಶುಲ್ಕ ಕಡಿಮೆ ಇತ್ತು, ಯಾರೂ ತಲೆಕೆಡಿಸಿಕೊಳ್ಳಲಿಲ್ಲ. 2025-26ರ ದರದಲ್ಲಿ ಮೇಲಿನ ಉದಾಹರಣೆಯ ಮನೆಗೆ 2ರ ಬದಲು 4 ಕಿಲೋವ್ಯಾಟ್ ಇದ್ದರೆ ತಿಂಗಳಿಗೆ 290 ರೂಪಾಯಿ ಹೆಚ್ಚು. ವರ್ಷಕ್ಕೆ 3,480 ರೂಪಾಯಿ. ಒಂದು ಯೂನಿಟ್ಟೂ ಹೆಚ್ಚು ಸುಡದೆ!

ನಿಮಗೆ ನಿಜವಾಗಿ ಎಷ್ಟು ಬೇಕು ಅಂತ ತಿಳಿಯುವುದು ಹೇಗೆ? ಬಿಲ್ಲಿನಲ್ಲಿ ಎಂಡಿ ಅಥವಾ ದಾಖಲಾದ ಬೇಡಿಕೆ ಎಂಬ ಅಂಕಿ ಇರುತ್ತದೆ. ಆ ತಿಂಗಳಲ್ಲಿ ನೀವು ಎಳೆದ ಅತಿ ಹೆಚ್ಚು ಲೋಡ್ ಅದು. ಕ್ಷಣಮಾತ್ರದ್ದಲ್ಲ, ಕೆಲವು ನಿಮಿಷಗಳ ಸರಾಸರಿ. ಒಂದು ವರ್ಷದ ಬಿಲ್‌ಗಳಲ್ಲಿ ಇದನ್ನು ಗುರುತು ಹಾಕಿಕೊಳ್ಳಿ. ಚಳಿಗಾಲದ ಗೀಸರ್, ಬೇಸಿಗೆಯ ಕೂಲರ್, ನೆಂಟರು ಬಂದ ಹಬ್ಬದ ತಿಂಗಳು ಎಲ್ಲ ಸೇರಿರಬೇಕು. ವರ್ಷವಿಡೀ 1.8 ದಾಟದಿದ್ದರೆ 4 ಕಿಲೋವ್ಯಾಟ್ ಯಾಕೆ? ಉಪವಿಭಾಗದ ಕಚೇರಿಯಲ್ಲಿ ಲೋಡ್ ಇಳಿಸಲು ಅರ್ಜಿ ಕೊಡಬಹುದು.

ಆದರೆ ಆಸೆಪಟ್ಟು ತೀರಾ ಕೆಳಗಿಳಿಸಬೇಡಿ. ಮಂಜೂರಾದದ್ದಕ್ಕಿಂತ ಹೆಚ್ಚು ಎಳೆದಿರುವುದು ಮತ್ತೆ ಮತ್ತೆ ದಾಖಲಾದರೆ ಲೋಡ್ ಏರಿಸಿಕೊಳ್ಳಿ, ಅದರ ಠೇವಣಿ ಕಟ್ಟಿ ಅಂತ ನೋಟಿಸ್ ಬರುತ್ತದೆ.

ಎಂಡಿ ಏರುವುದು ಎಲ್ಲಾ ಒಟ್ಟಿಗೆ ಓಡಿದಾಗ. ಬೆಳಿಗ್ಗೆ ಏಳಕ್ಕೆ ಗೀಸರ್ 2,000 ವ್ಯಾಟ್, ಸಂಪ್‌ನಿಂದ ಟ್ಯಾಂಕಿಗೆ ನೀರೆತ್ತುವ 1 ಎಚ್‌ಪಿ ಮೋಟಾರ್ ಸುಮಾರು 750, ಇಸ್ತ್ರಿ ಪೆಟ್ಟಿಗೆ 1,000. ಮೂರೂ ಸೇರಿದರೆ 3.75 ಕಿಲೋವ್ಯಾಟ್. ಮೋಟಾರನ್ನು ಮಧ್ಯಾಹ್ನಕ್ಕೆ, ಇಸ್ತ್ರಿಯನ್ನು ರಾತ್ರಿಗೆ ಹಾಕಿದರೆ 2ರ ಆಸುಪಾಸಿನಲ್ಲೇ ನಿಲ್ಲುತ್ತದೆ. ಯೂನಿಟ್ ಕಡಿಮೆಯಾಗಲ್ಲ, ಆದರೆ ಲೋಡ್ ಇಳಿಸಲು ದಾರಿಯಾಗುತ್ತದೆ.

5. ಗೃಹಜ್ಯೋತಿ: 200 ಯೂನಿಟ್ ಎಲ್ಲರಿಗೂ ಉಚಿತ ಅಲ್ಲ

ಅತಿ ಹೆಚ್ಚು ಗೊಂದಲ ಇರುವುದು ಇಲ್ಲೇ. 2023ರ ಜುಲೈ ಬಳಕೆಯಿಂದ ಜಾರಿಗೆ ಬಂದ ಈ ಯೋಜನೆಯಲ್ಲಿ ಪ್ರತಿ ಮನೆಗೂ ಬೇರೆ ಬೇರೆ ಮಿತಿ. 2022-23ರಲ್ಲಿ ನಿಮ್ಮ ತಿಂಗಳ ಸರಾಸರಿ ಬಳಕೆ ಎಷ್ಟಿತ್ತೋ ಅದಕ್ಕೆ ಶೇ. 10 ಸೇರಿಸಿದರೆ ಬರುವುದು ನಿಮ್ಮ ಅರ್ಹ ಯೂನಿಟ್. ತುಂಬಾ ಕಡಿಮೆ ಬಳಸುವವರಿಗೆ ಶೇ. 10 ಅಂದರೆ ನಾಲ್ಕೈದು ಯೂನಿಟ್ಟೇ ಆಗುತ್ತಿತ್ತು. ಹಾಗಾಗಿ 2024ರಲ್ಲಿ ಅವರಿಗೆ ಶೇಕಡದ ಬದಲು 10 ಯೂನಿಟ್ ಸೇರಿಸುವ ತೀರ್ಮಾನವಾಯಿತು.

ನಿಮ್ಮ ಸರಾಸರಿ 120 ಇತ್ತು ಅನ್ನಿ. ಅರ್ಹತೆ 132. ಈಗ ಮೂರು ಸಂದರ್ಭ:

ಬಳಕೆ 132ರ ಒಳಗಿದ್ದರೆ ಸೊನ್ನೆ ಬಿಲ್.
132 ದಾಟಿ 200ರ ಒಳಗಿದ್ದರೆ ಹೆಚ್ಚಾದ ಯೂನಿಟ್‌ಗಳಿಗೆ ಮಾತ್ರ ದುಡ್ಡು. 150 ಆದರೆ 18 ಯೂನಿಟ್‌ನದ್ದು.
200 ದಾಟಿದರೆ ಇಡೀ ಬಿಲ್ ನಿಮ್ಮದೇ.

ಪೆಟ್ಟು ಬೀಳುವುದು ಮೂರನೆಯದರಲ್ಲಿ. 2025-26ರ ದರದಲ್ಲಿ ಇದೇ ಮನೆ 200 ಯೂನಿಟ್ ಬಳಸಿದರೆ ಹೆಚ್ಚಾದ 68 ಯೂನಿಟ್‌ಗಳ ಲೆಕ್ಕಕ್ಕೆ ಸುಮಾರು 450 ರೂಪಾಯಿ. 201 ಆದರೆ 2 ಕಿಲೋವ್ಯಾಟ್ ಲೋಡಿಗೆ ಸುಮಾರು 1,630 ರೂಪಾಯಿ. ಒಂದೇ ಯೂನಿಟ್ಟಿಗೆ ಸಾವಿರದ ಮೇಲೆ! 200ರ ಹತ್ತಿರ ಓಡಾಡುವ ಮನೆಯವರು ರೀಡಿಂಗ್‌ಗೆ ಒಂದು ವಾರ ಮುಂಚೆ ತಾವೇ ಮೀಟರ್ ನೋಡಿಕೊಳ್ಳುವುದು ಲೇಸು. 180 ದಾಟಿದ್ದರೆ ಆ ವಾರ ಗೀಸರ್ ಬಿಟ್ಟು ಗ್ಯಾಸ್ ಮೇಲೆ ನೀರು ಕಾಯಿಸಿಕೊಳ್ಳಿ.

ಬಾಡಿಗೆದಾರರಿಗೂ ಯೋಜನೆ ಸಿಗುತ್ತದೆ, ಆದರೆ ಒಬ್ಬರ ಆಧಾರ್‌ಗೆ ಒಂದೇ ಮೀಟರ್. ಎಸ್.ಎಸ್. ಪುರಂನಿಂದ ಶಿರಾ ಗೇಟ್ ಕಡೆಗೆ ಮನೆ ಬದಲಾಯಿಸಿದಿರಿ ಅನ್ನಿ. ಮೊದಲು ಸರ್ಕಾರದ ಸೇವಾ ಸಿಂಧು ಪೋರ್ಟಲ್‌ನಲ್ಲಿ ಹಳೆಯ ಮನೆಯ ಜೋಡಣೆ ತೆಗೆಯಬೇಕು. ಇದಕ್ಕೆ ಡಿ-ಲಿಂಕ್ ಅನ್ನುತ್ತಾರೆ. ಆಮೇಲೆ ಹೊಸ ಖಾತೆ ಸಂಖ್ಯೆಗೆ ಜೋಡಿಸಬೇಕು. ಹಿಂದಿದ್ದ ಬಾಡಿಗೆದಾರರು ಡಿ-ಲಿಂಕ್ ಮಾಡದೇ ಹೋಗಿದ್ದರೆ ನಿಮ್ಮ ಅರ್ಜಿ ನಿಲ್ಲುತ್ತದೆ. ಅಡ್ವಾನ್ಸ್ ಕೊಡುವ ಮೊದಲೇ ಮಾಲೀಕರ ಹತ್ತಿರ ಈ ವಿಷಯ ಮಾತಾಡಿಬಿಡಿ. 2022-23ರ ಲೆಕ್ಕವೇ ಇಲ್ಲದ ಹೊಸ ಮನೆಗಳಿಗೆ ರಾಜ್ಯದ ಸರಾಸರಿ 53 ಯೂನಿಟ್ ಆಧಾರದ ಮೇಲೆ ಅರ್ಹತೆ ಕೊಡುತ್ತಾರೆ. ಹೊಸ ಬಡಾವಣೆಯವರಿಗೆ ಸೊನ್ನೆ ಬಿಲ್ ಅಪರೂಪವಾಗಿರುವುದು ಇದಕ್ಕೇ.

ಮೇಲೆ ಮಗನ ಸಂಸಾರ, ಕೆಳಗೆ ಅಪ್ಪ ಅಮ್ಮ, ಮೀಟರ್ ಮಾತ್ರ ಒಂದೇ. ಇಂಥ ಮನೆ ನಮ್ಮಲ್ಲಿ ಬಹಳ. ಎರಡು ಅಡುಗೆಮನೆ ಸೇರಿ 200 ದಾಟುವ ಸಾಧ್ಯತೆ ಹೆಚ್ಚು. ಅಂಥವರು ಮಹಡಿಗೆ ಪ್ರತ್ಯೇಕ ಮೀಟರ್ ಪಡೆಯುವ ಬಗ್ಗೆ ವಿಚಾರಿಸಬಹುದು. ಎರಡು ನಿಗದಿತ ಶುಲ್ಕ ಬರುತ್ತದೆ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಿರಿ.

6. ಸಬ್ ಮೀಟರ್ ಇದ್ದರೆ

ಕಾಲೇಜುಗಳ ಸುತ್ತಮುತ್ತಲಿನ ರೂಮುಗಳಲ್ಲಿ ಮಾಲೀಕರು ತಾವೇ ಚಿಕ್ಕ ಮೀಟರ್ ಹಾಕಿಸಿ ಯೂನಿಟ್‌ಗೆ ಹತ್ತು, ಹನ್ನೆರಡು ವಸೂಲಿ ಮಾಡುತ್ತಾರೆ. ಅದು ಬೆಸ್ಕಾಂ ಮೀಟರ್ ಅಲ್ಲ. ಆ ಯೂನಿಟ್‌ಗೆ ಗೃಹಜ್ಯೋತಿಯೂ ಇಲ್ಲ. ಮುಖ್ಯ ಬಿಲ್ ತೋರಿಸಿ ಅಂತ ಕೇಳಿ. ಅದರ ಒಟ್ಟು ಮೊತ್ತವನ್ನು ಒಟ್ಟು ಯೂನಿಟ್‌ನಿಂದ ಭಾಗಿಸಿದರೆ ಬರುವುದೇ ಸರಿಯಾದ ದರ.

7. ಠೇವಣಿ, ಹಿಂಬಾಕಿ

ವರ್ಷದಲ್ಲಿ ಒಮ್ಮೆ ಹೆಚ್ಚುವರಿ ಭದ್ರತಾ ಠೇವಣಿ ಎಂಬ ಸಾಲು ಬಂದರೆ ಗಾಬರಿ ಬೇಡ. ನಿಮ್ಮ ಸರಾಸರಿ ಬಿಲ್ಲಿನ ಎರಡು ತಿಂಗಳಷ್ಟು ಠೇವಣಿ ಬೆಸ್ಕಾಂ ಬಳಿ ಇರಬೇಕು. ಬಳಕೆ ಏರಿದಾಗ ಕೊರತೆ ತುಂಬಲು ಹೇಳುತ್ತಾರೆ. ಅದು ನಿಮ್ಮದೇ ದುಡ್ಡು, ವರ್ಷಕ್ಕೊಮ್ಮೆ ಬಡ್ಡಿಯೂ ಬಿಲ್ಲಿಗೆ ಜಮಾ ಆಗುತ್ತದೆ. ಹಿಂಬಾಕಿ ಸಾಲಿನಲ್ಲಿ ಕಳೆದ ತಿಂಗಳು ಕಟ್ಟಿದ ಮೊತ್ತವೇ ಮತ್ತೆ ಕಂಡರೆ ರಸೀದಿ ತೋರಿಸಿ ತೆಗೆಸಿ.

8. ಮೀಟರ್ ಮೇಲೇ ಅನುಮಾನ ಇದ್ದರೆ

ಮೇನ್ ಸ್ವಿಚ್ ಆಫ್ ಮಾಡಿದ ಮೇಲೂ ದೀಪ ಮಿಣುಕುತ್ತಿದ್ದರೆ ಮೀಟರ್‌ಗೂ ಸ್ವಿಚ್‌ಗೂ ನಡುವೆ ಎಲ್ಲೋ ಕರೆಂಟ್ ಹೋಗುತ್ತಿದೆ. ನಿಂತರೆ ಮುಂದಿನ ಪರೀಕ್ಷೆ ಮಾಡಿ. ಮನೆಯಲ್ಲಿ ಎಲ್ಲ ಆಫ್ ಮಾಡಿ, 1,500 ವ್ಯಾಟ್‌ನ ನೀರು ಕಾಯಿಸುವ ರಾಡ್ ಒಂದನ್ನೇ ಬಕೆಟ್ಟಿಗೆ ಇಟ್ಟು 40 ನಿಮಿಷ ಓಡಿಸಿ. ಮೀಟರ್ ಸರಿಸುಮಾರು 1 ಯೂನಿಟ್ ಮುಂದೆ ಹೋಗಬೇಕು. ವೋಲ್ಟೇಜ್ ಕಡಿಮೆ ಇದ್ದರೆ ಚೂರು ಕಡಿಮೆ ಬರಬಹುದು. ಗೀಸರ್‌ನಲ್ಲಿ ಇದನ್ನು ಮಾಡಬೇಡಿ, ಅದು ನಡುವೆ ತಾನೇ ಆಫ್ ಆಗುತ್ತದೆ. ರಾಡ್ ಓಡುವಾಗ ನೀರಿಗೆ ಕೈ ಹಾಕಬೇಡಿ, ಮಕ್ಕಳನ್ನು ದೂರ ಇಡಿ. ಮೀಟರ್ ಸೀಲ್ ಮುಟ್ಟಲೇಬೇಡಿ.

ತುಂಬಾ ವ್ಯತ್ಯಾಸ ಬಂದರೆ ಶುಲ್ಕ ಕಟ್ಟಿ ಬೆಸ್ಕಾಂನಿಂದಲೇ ಮೀಟರ್ ಪರೀಕ್ಷೆ ಮಾಡಿಸಿಕೊಳ್ಳಬಹುದು.

9. ಕಟ್ಟುವಾಗ, ದೂರು ಕೊಡುವಾಗ

ಬೆಸ್ಕಾಂ ಆ್ಯಪ್, ಯುಪಿಐ ಆ್ಯಪ್, ಕರ್ನಾಟಕ ಒನ್ ಕೇಂದ್ರ, ಕಚೇರಿಯ ಕೌಂಟರ್ ಎಲ್ಲಿ ಬೇಕಾದರೂ ಕಟ್ಟಬಹುದು. ಯುಪಿಐನಲ್ಲಿ ಖಾತೆ ಸಂಖ್ಯೆ ಹಾಕಿದ ಮೇಲೆ ತೋರುವ ಹೆಸರು ಓದಿ, ಆಮೇಲೆ ಪಿನ್ ಒತ್ತಿ. "ಬಿಲ್ ಅಪ್‌ಡೇಟ್ ಆಗಿಲ್ಲ, ಇವತ್ತು ರಾತ್ರಿ ಒಂಬತ್ತೂವರೆಗೆ ಕರೆಂಟ್ ಕಟ್, ಈ ನಂಬರಿಗೆ ಫೋನ್ ಮಾಡಿ" ಅಂತ ಬರುವ ಮೆಸೇಜ್ ಮೋಸದ್ದು. ಅದಕ್ಕೆ ಫೋನ್ ಮಾಡಬೇಡಿ, ಅವರು ಹೇಳಿದ ಆ್ಯಪ್ ಹಾಕಿಕೊಳ್ಳಬೇಡಿ. ದುಡ್ಡು ಹೋಗಿಯೇ ಬಿಟ್ಟಿದ್ದರೆ ತಡಮಾಡದೆ ಸೈಬರ್ ಸಹಾಯವಾಣಿ 1930ಕ್ಕೆ ಹೇಳಿ.

ಬಿಲ್ ತಪ್ಪಾಗಿದೆ ಅಂತ ಖಚಿತವಾದರೆ 1912ಕ್ಕೆ ಕರೆ ಮಾಡಿ ದೂರು ಸಂಖ್ಯೆ ಪಡೆಯಿರಿ. ಬಾಯಿ ಮಾತಿಗೆ ನಿಲ್ಲದೆ ಉಪವಿಭಾಗದ ಕಚೇರಿಗೆ ಬಿಲ್, ಮೀಟರ್ ಫೋಟೋ, ನಿಮ್ಮ ಲೆಕ್ಕ ಲಗತ್ತಿಸಿ ಅರ್ಜಿ ಕೊಡಿ. ಪ್ರತಿಯ ಮೇಲೆ ಸೀಲ್ ಹಾಕಿಸಿಕೊಳ್ಳಿ. ಅಲ್ಲಿ ಕೆಲಸ ಆಗದಿದ್ದರೆ ಜಿಲ್ಲೆಯ ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆ ಇದೆ. ಅದರ ತೀರ್ಪೂ ಒಪ್ಪಿಗೆಯಾಗದಿದ್ದರೆ ವಿದ್ಯುತ್ ಓಂಬುಡ್ಸ್‌ಮನ್. ಎರಡಕ್ಕೂ ವಕೀಲರನ್ನು ಹಿಡಿಯಬೇಕಿಲ್ಲ, ನೀವೇ ಹೋಗಿ ಹೇಳಬಹುದು. ಅಲ್ಲಿ ಮೊದಲು ಕೇಳುವುದು ಸೀಲ್ ಬಿದ್ದ ಆ ಪ್ರತಿಯನ್ನೇ.